ಅಮೆರಿಕ ಖಂಡಗಳ ನುಡಿಮೂಲ



1492ರಲ್ಲಿ ಕೊಲಂಬಸ್ ಪಶ್ಚಿಮದ ಕಡಲಿಗೆ ಹೊರಟಾಗ ಜೊತೆಗೊಬ್ಬ ದುಭಾಷಿಯನ್ನು ಕರೆದೊಯ್ದಿದ್ದ. ಅವನ ಹೆಸರು ಲೂಯಿಸ್ ದೆ ತೊರೆಸ್. ಹೀಬ್ರೂ, ಅರಮಾಯಿಕ್ ಬಲ್ಲವನು, ಒಂದಿಷ್ಟು ಅರಬ್ಬಿಯನ್ನೂ ಕಲಿತವನು. ಹೋಗಿ ಮುಟ್ಟುವುದು ಏಷ್ಯಾವನ್ನು, ಅಲ್ಲಿನ ದೊರೆಗಳ ಬಳಿ, ವ್ಯಾಪಾರಿಗಳ ಬಳಿ ಈ ಭಾಷೆಗಳು ನಡೆಯುತ್ತವೆ ಎಂಬುದು ಲೆಕ್ಕ. ಆ ವರ್ಷದ ನವೆಂಬರಿನಲ್ಲಿ ಅವನನ್ನು ಕ್ಯೂಬಾ ದ್ವೀಪದ ಒಳನಾಡಿಗೆ ಕಳಿಸಿದರು. ಅವನಿಗೆ ಗೊತ್ತಿದ್ದ ಯಾವ ಭಾಷೆಯೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅಲ್ಲಿನ ಜನ ಆಡುತ್ತಿದ್ದುದು ತಾಯಿನೊ.

ತಾಯಿನೊ ಭಾಷೆಗೂ ಒಂದು ದೊಡ್ಡ ಕುಲವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಬ್ಬಿರುವ ಅರವಾಕ್ ಭಾಷಾ ಕುಟುಂಬಕ್ಕೆ ಸೇರಿದ ಮಾತು ಅದು. ಒರಿನೋಕೊ ನದಿಯ ಸೀಮೆಯಿಂದ ದೋಣಿಗಳಲ್ಲಿ ಹೊರಟ ಜನ ಕೆರಿಬಿಯನ್ ದ್ವೀಪಗಳನ್ನು ಒಂದೊಂದಾಗಿ ಹತ್ತುತ್ತ ಅದನ್ನು ಕ್ಯೂಬಾದವರೆಗೆ ಒಯ್ದಿದ್ದರು. ಕೊಲಂಬಸ್ ಬಂದ ಮೇಲೆ ಕೆಲವೇ ದಶಕಗಳಲ್ಲಿ ಬಿಟ್ಟಿ ದುಡಿಮೆ, ಹಸಿವು, ಸಿಡುಬು ಸೇರಿ ತಾಯಿನೊ ಜನರನ್ನು ಬಹುಪಾಲು ಮುಗಿಸಿದವು, ಮಾತೂ ಅವರ ಜೊತೆಗೇ ಹೋಯಿತು. ಉಳಿದದ್ದು ಚದುರಿದ ಶಬ್ದಗಳು. ನಮ್ಮ ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಆಲೂಗೆಡ್ಡೆಗೆ ಬಟಾಟೆ ಎನ್ನುತ್ತಾರಲ್ಲ, ಅದು ತಾಯಿನೊ ಜನ ಗೆಣಸಿಗೆ ಇಟ್ಟುಕೊಂಡಿದ್ದ ಹೆಸರು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡಲತೀರಕ್ಕೆ ಬಂತು.

ಇಂದು ಅಮೆರಿಕದ ಭಾಷೆ ಯಾವುದು ಎಂದರೆ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಎನ್ನುತ್ತಾರೆ. ಉತ್ತರ, ದಕ್ಷಿಣ ಎರಡೂ ಖಂಡಗಳನ್ನು ಒಟ್ಟಿಗೆ ನೋಡಿದರೆ ಇಂಗ್ಲಿಷಿಗಿಂತ ಸ್ಪ್ಯಾನಿಷ್ ಮನೆಮಾತಾಗಿರುವ ಜನರೇ ಹೆಚ್ಚು. ಬ್ರೆಜಿಲ್ ಒಂದರಲ್ಲೇ 20 ಕೋಟಿ ಜನ, ಅವರದು ಪೋರ್ಚುಗೀಸ್. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್, ಸುರಿನಾಮ್‌ನಲ್ಲಿ ಡಚ್. 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳ ಪ್ರತಿನಿಧಿಗಳು ತೊರ್ದೆಸಿಲ್ಯಾಸ್ ಎಂಬ ಊರಿನಲ್ಲಿ ಕೂತು, ತಾವು ಕಣ್ಣಿಂದ ಕಾಣದ ನೆಲದ ಮೇಲೆ ಒಂದು ಗೆರೆ ಎಳೆದು ಹಂಚಿಕೊಂಡರು. ಬ್ರೆಜಿಲ್ ಪೋರ್ಚುಗೀಸ್ ಆಡುವುದಕ್ಕೂ ಪಕ್ಕದ ಅರ್ಜೆಂಟೀನಾ ಸ್ಪ್ಯಾನಿಷ್ ಆಡುವುದಕ್ಕೂ ಮೂಲ ಆ ಗೆರೆ. ಇವೆಲ್ಲ ಕಳೆದ ಐನೂರು ವರ್ಷಗಳಲ್ಲಿ ಹಡಗಿನಿಂದ ಇಳಿದ ಭಾಷೆಗಳು. ನಾನು ಇಂದು ಹೆಚ್ಚಾಗಿ ಹೇಳಬೇಕೆಂದಿರುವುದು ಅವುಗಳ ಮಾತಲ್ಲ, ಆ ನೆಲದಲ್ಲೇ ಬೆಳೆದ ಭಾಷೆಗಳ ಮಾತು.

ಯುರೋಪಿನವರು ಬರುವ ಮೊದಲು ಎರಡೂ ಖಂಡಗಳಲ್ಲಿ ಸಾವಿರದಿಂದ ಎರಡು ಸಾವಿರದಷ್ಟು ಭಾಷೆಗಳಿದ್ದವು ಎಂಬುದು ವಿದ್ವಾಂಸರ ಅಂದಾಜು. ಸಂಖ್ಯೆಗಿಂತ ಬೆರಗು ಹುಟ್ಟಿಸುವುದು ಅವುಗಳ ನಡುವಿನ ದೂರ. ಭಾರತದ ನೂರಾರು ಭಾಷೆಗಳನ್ನು ದ್ರಾವಿಡ, ಆರ್ಯ, ಮುಂಡಾ, ಟಿಬೆಟೊ-ಬರ್ಮನ್ ಎಂದು ಬೆರಳೆಣಿಕೆಯ ಕುಟುಂಬಗಳಲ್ಲಿ ಇಡಬಹುದು. ಅಮೆರಿಕದಲ್ಲಿ ಹಾಗಾಗುವುದಿಲ್ಲ. 1891ರಲ್ಲಿ ಜಾನ್ ವೆಸ್ಲಿ ಪವೆಲ್ ಎಂಬ ವಿದ್ವಾಂಸ ಮೆಕ್ಸಿಕೊದ ಉತ್ತರಕ್ಕಿರುವ ಭಾಷೆಗಳನ್ನು ಮಾತ್ರ ವಿಂಗಡಿಸಿ 58 ಕುಟುಂಬಗಳ ಪಟ್ಟಿ ಕೊಟ್ಟ. ಎರಡೂ ಖಂಡ ಸೇರಿದರೆ, ನಂಟಸ್ತಿಕೆಯೇ ಇಲ್ಲದ ಒಂಟಿ ಭಾಷೆಗಳನ್ನೂ ಎಣಿಸಿದರೆ, ನೂರೈವತ್ತಕ್ಕೂ ಮೀರುತ್ತದೆ. ಕ್ಯಾಲಿಫೋರ್ನಿಯಾ ನಮ್ಮ ಕರ್ನಾಟಕದ ಎರಡು ಪಟ್ಟಿಗಿಂತ ತುಸು ದೊಡ್ಡದು, ಅಷ್ಟೆ. ಅಲ್ಲಿ ಎಂಬತ್ತರಿಂದ ನೂರು ಭಾಷೆಗಳಿದ್ದವು. ಒಂದು ಕಣಿವೆಯವರ ಮಾತಿಗೂ ಆಚೆ ಕಣಿವೆಯವರ ಮಾತಿಗೂ ಕನ್ನಡಕ್ಕೂ ಚೀನೀ ಭಾಷೆಗೂ ಇರುವಷ್ಟು ಅಂತರ ಇದ್ದದ್ದುಂಟು.

ಈ ಜನ ಎಲ್ಲಿಂದ ಬಂದರು? ಹಿಮಯುಗದಲ್ಲಿ ಕಡಲಿನ ಮಟ್ಟ ಇಳಿದಿದ್ದಾಗ ಸೈಬೀರಿಯಾಕ್ಕೂ ಅಲಾಸ್ಕಾಕ್ಕೂ ನಡುವೆ ಅಗಲವಾದ ನೆಲ ತೆರೆದಿತ್ತು. ಆ ದಾರಿಯಲ್ಲಿ, ಆ ದಡದ ಗುಂಟ ಮನುಷ್ಯರು ದಾಟಿದರು. ಚಿಲಿ ದೇಶದ ಮೊಂತೆ ವೆರ್ದೆಯಲ್ಲಿ ಸುಮಾರು 14,500 ವರ್ಷ ಹಿಂದಿನ ನೆಲೆ ಸಿಕ್ಕಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್‌ನಲ್ಲಿ ಒಣಗಿದ ಕೆರೆಯಂಗಳದ ಮೇಲೆ ಮನುಷ್ಯರ ಹೆಜ್ಜೆಗುರುತುಗಳಿವೆ. ಅವು 21 ಸಾವಿರದಿಂದ 23 ಸಾವಿರ ವರ್ಷ ಹಳೆಯವು ಎಂದು 2021ರಲ್ಲಿ ಸಂಶೋಧಕರು ಪ್ರಕಟಿಸಿದರು. ಅಷ್ಟು ದೀರ್ಘ ಕಾಲ ಬೇರೆ ಬೇರೆಯಾಗಿ ಬದುಕಿದ ಗುಂಪುಗಳ ಮಾತು ಕವಲೊಡೆಯುತ್ತ ಹೋಗಿ, ಹಳೆಯ ನಂಟಿನ ಗುರುತೇ ಅಳಿಸಿಹೋದದ್ದು ಸಹಜ.

ನದಿಮೂಲ, ಋಷಿಮೂಲ ಹುಡುಕಬಾರದು ಎಂಬ ಮಾತು ನಮ್ಮಲ್ಲಿದೆ. ಭಾಷೆಯ ಮೂಲ ಹುಡುಕುವವರ ಕಷ್ಟವೂ ಅದೇ ತರಹದ್ದು. ಎರಡು ಭಾಷೆಗಳಲ್ಲಿ ನಾಲ್ಕು ಶಬ್ದ ಒಂದೇ ರೀತಿ ಕೇಳಿಸಿದರೆ ಸಾಲದು. ತಮಿಳಿನ ಪಾಲ್ ಕನ್ನಡದಲ್ಲಿ ಹಾಲು, ಅಲ್ಲಿಯ ಪುಲಿ ಇಲ್ಲಿ ಹುಲಿ, ಅಲ್ಲಿಯ ಪಲ್ ಇಲ್ಲಿ ಹಲ್ಲು ಎಂಬ ಹಾಗೆ ಧ್ವನಿಗೆ ಧ್ವನಿ ನಿಯಮದಿಂದ ಹೊಂದಬೇಕು. ಆಗ ಮಾತ್ರ ರಕ್ತಸಂಬಂಧ ಸಾಬೀತು. ಹೀಗೆ ಪಟ್ಟು ಹಿಡಿದು ಹುಡುಕಿದವರಿಗೆ ದೊಡ್ಡ ದೊಡ್ಡ ಸಂಗತಿಗಳು ಸಿಕ್ಕಿವೆ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಯುರೋಕ್, ವಿಯೋಟ್ ಎಂಬ ಎರಡು ಚಿಕ್ಕ ಭಾಷೆಗಳಿದ್ದವು. ಇವು ಮೂರು ಸಾವಿರ ಮೈಲಿ ಆಚೆ, ಅಟ್ಲಾಂಟಿಕ್ ದಡದವರೆಗೆ ಹಬ್ಬಿದ ಅಲ್ಗಾಂಕಿಯನ್ ಭಾಷೆಗಳ ನಂಟರು ಎಂದು 1913ರಲ್ಲಿ ಎಡ್ವರ್ಡ್ ಸಪೀರ್ ಹೇಳಿದ. ಬಲ್ಲವರೇ ಅದನ್ನು ತಳ್ಳಿಹಾಕಿದರು. 1958ರಲ್ಲಿ ಮೇರಿ ಹಾಸ್ ಎಂಬ ವಿದುಷಿ ಸಾಕ್ಷ್ಯ ಕೂಡಿಸಿ ಸಪೀರ್ ಹೇಳಿದ್ದು ನಿಜವೆಂದು ತೋರಿಸಿದರು. ಅರಿಜೋನಾದ ಮರಳುಗಾಡಿನ ನವಾಹೊ ಜನರ ಮಾತು ಅಲಾಸ್ಕಾ ಮತ್ತು ವಾಯವ್ಯ ಕೆನಡಾದ ಹಿಮದ ಸೀಮೆಯ ದೆನೆ ಭಾಷೆಗಳ ಒಡಹುಟ್ಟು. ಮೆಕ್ಸಿಕೊದ ಅಸ್ಟೆಕ್ ದೊರೆಗಳು ಆಡುತ್ತಿದ್ದ ನಾವಾಟ್ಲ್ ಭಾಷೆಗೆ ಅರಿಜೋನಾದ ಹೋಪಿ, ಉತ್ತರದ ಶೋಶೋನಿ ದಾಯಾದಿಗಳು.

ಇದಕ್ಕಿಂತ ಹಿಂದಕ್ಕೆ ಹೋದಂತೆ ನೆಲ ಜಾರುತ್ತದೆ. 1987ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಎಂಬ ಹೆಸರಾಂತ ಭಾಷಾಶಾಸ್ತ್ರಜ್ಞ ಅಮೆರಿಕದ ಮೂಲ ಭಾಷೆಗಳೆಲ್ಲ ಮೂರೇ ಕುಟುಂಬಗಳೆಂದು ಸಾರಿದ. ಆ ಭಾಷೆಗಳ ಮೇಲೆ ಜೀವಮಾನವಿಡೀ ದುಡಿದ ಬಹುತೇಕ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಮೇಲುಮೇಲಿನ ಹೋಲಿಕೆಯ ಮೇಲೆ ಕಟ್ಟಿದ ಗೋಡೆ ಅದು ಎಂಬುದು ಅವರ ಆಕ್ಷೇಪ, ನನಗೂ ಅದೇ ಸರಿ ಎನಿಸುತ್ತದೆ. 2008ರಲ್ಲಿ ಎಡ್ವರ್ಡ್ ವಾಯ್ಡಾ ಮುಂದಿಟ್ಟ ವಾದಕ್ಕೆ ಹೆಚ್ಚು ತೂಕವಿದೆ. ಸೈಬೀರಿಯಾದ ಯೆನಿಸೇಯ್ ನದಿಯ ದಡದಲ್ಲಿ ಕೆಲವೇ ಮುದುಕರ ಬಾಯಲ್ಲಿ ಉಳಿದಿರುವ ಕೆಟ್ ಎಂಬ ಭಾಷೆಗೂ ನವಾಹೊ ಬಳಗಕ್ಕೂ ಸಂಬಂಧವಿದೆ ಎನ್ನುತ್ತಾನೆ ಆತ. ಒಪ್ಪಿದವರಿದ್ದಾರೆ, ಒಪ್ಪದೆ ಇನ್ನೂ ಸಾಕ್ಷ್ಯ ಕೇಳುವವರೂ ಇದ್ದಾರೆ. ಏಷ್ಯಾದೊಡನೆ ಸಂದೇಹವೇ ಇಲ್ಲದ ನಂಟೆಂದರೆ ಉತ್ತರ ಧ್ರುವದ ಇನುಯಿಟ್ ಬಳಗದ್ದು. ಬೇರಿಂಗ್ ಜಲಸಂಧಿಯ ಈಚೆ ರಷ್ಯಾದ ದಡದಿಂದ ಗ್ರೀನ್‌ಲೆಂಡ್‌ವರೆಗೂ ಆ ಕುಟುಂಬ ಹಬ್ಬಿದೆ. ಗ್ರೀನ್‌ಲೆಂಡ್‌ನಲ್ಲಿ 2009ರಿಂದ ಆಡಳಿತ ಭಾಷೆ ಆ ಕುಟುಂಬದ ಮಾತೊಂದೇ.

ಈ ಭಾಷೆಗಳನ್ನು ಕಾಡುಮಾತು, ಬಡಮಾತು ಎಂದು ಕರೆದವರಿದ್ದರು. ಅಂಥವರಿಗೆ ಉತ್ತರ ಅವುಗಳ ವ್ಯಾಕರಣದಲ್ಲೇ ಇದೆ. ಆಂಡೀಸ್ ಪರ್ವತದ ಕೆಚುವಾ ಭಾಷೆಯಲ್ಲಿ ಒಂದು ಸಂಗತಿಯನ್ನು ಹೇಳುವಾಗ ಅದನ್ನು ತಾನೇ ಬಲ್ಲೆನೋ, ಇನ್ನೊಬ್ಬರಿಂದ ಕೇಳಿದ್ದೋ, ಬರೀ ಊಹೆಯೋ ಎಂಬುದನ್ನು ಸೂಚಿಸುವ ಪ್ರತ್ಯಯಗಳಿವೆ. ಕನ್ನಡಿಗರಿಗೆ ಇದು ತಟ್ಟನೆ ಅರ್ಥವಾದೀತು. ಮಳೆ ಬಂತು ಎನ್ನುವುದಕ್ಕೂ ಮಳೆ ಬಂತಂತೆ ಎನ್ನುವುದಕ್ಕೂ ಇರುವ ಭೇದವನ್ನು ಕೆಚುವಾ ಮಾತಿನ ಉದ್ದಕ್ಕೂ ಕಾಯ್ದುಕೊಂಡು ಬಂದಿದೆ. ದಕ್ಷಿಣ ಅಮೆರಿಕದ ಗ್ವಾರನಿ ಭಾಷೆಯಲ್ಲಿ ನಾವು ಎನ್ನಲು ಎರಡು ರೂಪ. ಕೇಳುವವರನ್ನೂ ಸೇರಿಸಿಕೊಂಡರೆ ಞಂದೆ, ಅವರನ್ನು ಬಿಟ್ಟು ಹೇಳಿದರೆ ಒರೆ. ನಮ್ಮ ತುಳುವಿನಲ್ಲಿ ನಮ ಮತ್ತು ಎಂಕುಳು ಎಂಬ ಭೇದ ಇಲ್ಲವೆ? ಹಾಗೆಯೇ.

ಕೊಲಂಬಿಯಾ ಮತ್ತು ಬ್ರೆಜಿಲ್‌ಗಳ ಗಡಿಯಲ್ಲಿ ವಾಉಪೆಸ್ ಎಂಬ ನದೀ ಪ್ರದೇಶವಿದೆ. ಅಲ್ಲಿನ ತುಕಾನೊ ಬಳಗದ ಜನರ ಬಾಳುವೆಯ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಅಲ್ಲಿ ತನ್ನ ಭಾಷೆಯನ್ನೇ ಆಡುವವರನ್ನು ಮದುವೆಯಾಗುವಂತಿಲ್ಲ. ಒಂದೇ ಭಾಷೆಯವರು ಅಣ್ಣತಂಗಿಯರಿದ್ದ ಹಾಗೆ, ನಾವು ಸಗೋತ್ರ ಎನ್ನುತ್ತೇವಲ್ಲ, ಅಂಥದ್ದು. ಹೆಣ್ಣು ಬೇರೆ ಭಾಷೆಯ ಊರಿನಿಂದಲೇ ಬರಬೇಕು. ಹುಟ್ಟಿದ ಮಗು ತಂದೆಯ ಭಾಷೆಯ ಕುಲಕ್ಕೆ ಸೇರುತ್ತದೆ, ತಾಯಿಯ ಮಾತನ್ನೂ ಕಲಿಯುತ್ತದೆ. ಒಂದೇ ಮನೆಗೆ ಬಂದ ಚಿಕ್ಕಮ್ಮ ದೊಡ್ಡಮ್ಮಂದಿರ ಬಾಯಲ್ಲಿ ಮತ್ತೆ ಬೇರೆ ಮಾತು. ಹೀಗೆ ಬೆಳೆದ ಮನುಷ್ಯನಿಗೆ ಮೂರು ನಾಲ್ಕು ಭಾಷೆ ಬರುವುದು ಅಲ್ಲಿ ಹೆಚ್ಚುಗಾರಿಕೆಯಲ್ಲ. ಒಂದು ನಾಡಿಗೆ ಒಂದೇ ಭಾಷೆ ಇರಬೇಕು ಎಂಬ ಯೋಚನೆ ಯುರೋಪಿನಿಂದ ಬಂದದ್ದು. ವಾಉಪೆಸ್‌ನವರ ಪ್ರಕಾರ ಒಂದೇ ಭಾಷೆಯಿಂದ ಸಂಸಾರವೇ ಹೂಡಲಾಗದು.

ಯುರೋಪಿನಿಂದ ಬಂದವರು ಮೊದಲು ಈ ಭಾಷೆಗಳನ್ನು ಕಲಿತರು ಎಂಬುದನ್ನೂ ಹೇಳಬೇಕು. ಧರ್ಮ ಹೇಳಲು ಜನರ ಮಾತು ಬೇಕಿತ್ತು. ನಾವಾಟ್ಲ್ ಭಾಷೆಗೆ 1547ರಲ್ಲಿ ಆಂದ್ರೆಸ್ ದೆ ಓಲ್ಮೊಸ್ ಎಂಬ ಪಾದ್ರಿ ವ್ಯಾಕರಣ ಬರೆದು ಮುಗಿಸಿದ. ಆಗ ಇಂಗ್ಲಿಷಿಗೇ ವ್ಯಾಕರಣ ಇರಲಿಲ್ಲ. ಕೆಚುವಾ ವ್ಯಾಕರಣ 1560ರಲ್ಲಿ ಅಚ್ಚಾಯಿತು. 1584ರಲ್ಲಿ ಲಿಮಾ ನಗರದಲ್ಲಿ, ಅಂದರೆ ದಕ್ಷಿಣ ಅಮೆರಿಕದಲ್ಲೇ, ಅಚ್ಚಾದ ಮೊದಲ ಪುಸ್ತಕ ಸ್ಪ್ಯಾನಿಷ್, ಕೆಚುವಾ, ಐಮಾರಾ ಮೂರೂ ಭಾಷೆಗಳಲ್ಲಿತ್ತು. ಬ್ರೆಜಿಲ್ ಕರಾವಳಿಯ ತುಪಿ ಭಾಷೆಗೆ ಜೆಸ್ವಿಟ್ ಪಾದ್ರಿ ಜೋಸೆ ದೆ ಆಂಕಿಯೆತಾ ಬರೆದ ವ್ಯಾಕರಣ 1595ರಲ್ಲಿ ಪೋರ್ಚುಗಲ್‌ನಲ್ಲಿ ಅಚ್ಚಾಯಿತು. ಅದೇ ಕಾಲಕ್ಕೆ, ಅದೇ ಜೆಸ್ವಿಟ್ ಸಂಘದ ಥಾಮಸ್ ಸ್ಟೀಫನ್ಸ್ ಗೋವಾದಲ್ಲಿ ಕೂತು ಕೊಂಕಣಿಗೆ ವ್ಯಾಕರಣ ಬರೆಯುತ್ತಿದ್ದ. ಅದು ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯಿತು. ಒಂದೇ ಸಾಮ್ರಾಜ್ಯ, ಒಂದೇ ಸಂಘ, ಎರಡು ಸಾಗರಗಳ ದಡದಲ್ಲಿ ಒಂದೇ ಕೆಲಸ.

ಆದರೆ ಕಲಿತ ಕೈಯೇ ಕತ್ತು ಹಿಸುಕುವ ಕಾಲವೂ ಬಂತು. 1562ರಲ್ಲಿ ಮೆಕ್ಸಿಕೊದ ಯುಕತಾನ್‌ನ ಮಾನಿ ಎಂಬ ಊರಿನಲ್ಲಿ ಪಾದ್ರಿ ದಿಯೆಗೊ ದೆ ಲಾಂದಾ ಮಾಯಾ ಜನರ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟ. ತಮ್ಮದೇ ಲಿಪಿಯಲ್ಲಿ ಶತಮಾನಗಳಿಂದ ಬರೆಯುತ್ತಿದ್ದ ಆ ಜನರ ಪುಸ್ತಕಗಳಲ್ಲಿ ಇಂದು ಉಳಿದಿರುವುದು ನಾಲ್ಕು. ಗೋವಾದ ಪೋರ್ಚುಗೀಸ್ ಆಡಳಿತ 1684ರಲ್ಲಿ ಜನ ಮೂರು ವರ್ಷದೊಳಗೆ ತಮ್ಮ ಮಾತು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿತು. ಬ್ರೆಜಿಲ್‌ನಲ್ಲಿ ಅಂಥದೇ ಆಜ್ಞೆ 1757ರಲ್ಲಿ ಬಂತು. ಅಲ್ಲಿ ತುಪಿಯಿಂದ ಬೆಳೆದ ಸಾಮಾನ್ಯ ಭಾಷೆಯನ್ನು ಬಿಳಿಯರ ಮನೆಗಳಲ್ಲೂ ಆಡುತ್ತಿದ್ದರು. 1770ರಲ್ಲಿ ಸ್ಪೇನ್ ದೊರೆ ಮೂರನೆಯ ಚಾರ್ಲ್ಸ್ ತನ್ನ ವಸಾಹತುಗಳ ನುಡಿಗಳೆಲ್ಲ ಅಳಿದು ಕ್ಯಾಸ್ಟಿಲಿಯನ್ ಒಂದೇ ಉಳಿಯಬೇಕೆಂದು ಬರೆದು ಸಹಿ ಹಾಕಿದ. 1781ರಲ್ಲಿ ಪೆರುವಿನಲ್ಲಿ ಬಂಡೆದ್ದ ಎರಡನೆಯ ತುಪಾಕ್ ಅಮಾರುವನ್ನು ಕುಸ್ಕೊ ನಗರದ ಚೌಕದಲ್ಲಿ ಕೊಂದಾಗ, ಅದೇ ತೀರ್ಪಿನಲ್ಲಿ ಕೆಚುವಾ ಮಾತನ್ನೂ ಇಂಕಾ ಉಡುಗೆಯನ್ನೂ ನಿಷೇಧಿಸಿದರು. ಭಾಷೆಗಳು ತಾವಾಗಿ ಸೊರಗಿ ಸತ್ತವು ಎನ್ನುವವರು ಈ ಇಸವಿಗಳನ್ನು ಒಮ್ಮೆ ಓದಬೇಕು.

ಇಷ್ಟಾದರೂ ಒಂದು ದೇಶದಲ್ಲಿ ಕಥೆ ಬೇರೆಯಾಯಿತು. ಆ ದೇಶ ಪರಾಗ್ವೆ. ಅಲ್ಲಿ ಹತ್ತರಲ್ಲಿ ಏಳೆಂಟು ಜನಕ್ಕೆ ಗ್ವಾರನಿ ಬರುತ್ತದೆ. ಮೂಲನಿವಾಸಿ ಬುಡಕಟ್ಟಿನವರು ಆ ದೇಶದಲ್ಲಿ ನೂರಕ್ಕೆ ಎರಡು ಮಾತ್ರ. ಎಂದರೆ ಗ್ವಾರನಿ ಆಡುವವರಲ್ಲಿ ಬಹುಪಾಲು ಜನ ತಮ್ಮನ್ನು ಬುಡಕಟ್ಟಿನವರೆಂದು ಹೇಳಿಕೊಳ್ಳುವವರಲ್ಲ. ವ್ಯಾಪಾರಿ, ಬಸ್ಸಿನ ಚಾಲಕ, ರೈತ, ವಕೀಲ, ಫುಟ್‌ಬಾಲ್ ಆಟಗಾರ ಎಲ್ಲರೂ ಆಡುತ್ತಾರೆ. ಅಮೆರಿಕದ ಬೇರೆ ಯಾವ ದೇಶದಲ್ಲೂ ಮೂಲ ನೆಲದ ಒಂದು ಮಾತು ಹೀಗೆ ಎಲ್ಲರದಾಗಿ ಉಳಿದಿಲ್ಲ.

ಇದು ಹೇಗಾಯಿತು? 1537ರಲ್ಲಿ ಸ್ಪ್ಯಾನಿಷ್ ಸೈನಿಕರು ಪರಾಗ್ವೆ ನದಿಯ ದಡದಲ್ಲಿ ಅಸುನ್ಸಿಯೊನ್ ಊರು ಕಟ್ಟಿದರು. ಅವರು ಹುಡುಕುತ್ತಿದ್ದ ಬೆಳ್ಳಿ ಅಲ್ಲಿರಲಿಲ್ಲ. ಹೊಸ ಹಡಗುಗಳು ಬರುವುದು ಅಪರೂಪ, ಸ್ಪೇನಿನ ಹೆಂಗಸರಂತೂ ಕಾಣುವುದೇ ಇಲ್ಲ. ಸೈನಿಕರು ಗ್ವಾರನಿ ಹೆಂಗಸರನ್ನು ಮನೆಗೆ ತಂದುಕೊಂಡರು. ಊರಿನ ಆಡಳಿತ ನಡೆಸುತ್ತಿದ್ದ ದೊಮಿಂಗೊ ಮಾರ್ತಿನೆಸ್ ದೆ ಇರಾಲಾ ಎಂಬವನಿಗೇ ಹಲವು ಗ್ವಾರನಿ ಹೆಂಗಸರಲ್ಲಿ ಮಕ್ಕಳಿದ್ದರು, ತನ್ನ ಉಯಿಲಿನಲ್ಲಿ ಅವರನ್ನು ಒಪ್ಪಿಕೊಂಡಿದ್ದಾನೆ. ಇದನ್ನು ಎರಡು ಜನಾಂಗಗಳ ಪ್ರೇಮಕಥೆಯೆಂದು ಹಾಡಿದವರುಂಟು. ನಾನು ಹಾಗೆ ಹೇಳಲಾರೆ. ಕೊಟ್ಟು ತಂದದ್ದರ ಜೊತೆಗೆ ಎಳೆದು ತಂದದ್ದೂ ಬೇಕಾದಷ್ಟಿತ್ತು. ಆದರೆ ಆ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ತೊಟ್ಟಿಲಲ್ಲಿ ಕಿವಿಗೆ ಬಿದ್ದದ್ದು ತಾಯಿಯ ಮಾತು. ಅಪ್ಪನ ಹೆಸರು, ಆಸ್ತಿ, ಧರ್ಮ ಸ್ಪೇನಿನದು, ಅಡುಗೆಮನೆಯೂ ಅಂಗಳವೂ ಗ್ವಾರನಿಯದು. ಎರಡು ಮೂರು ತಲೆಮಾರು ಕಳೆಯುವುದರೊಳಗೆ ಊರೆಲ್ಲ ಅದೇ ಮಾತಾಯಿತು.

ಜೊತೆಗೆ ಜೆಸ್ವಿಟ್ ಪಾದ್ರಿಗಳು 1609ರಿಂದ ಗ್ವಾರನಿ ಜನರಿಗಾಗಿ ಊರುಗಳನ್ನು ಕಟ್ಟತೊಡಗಿದರು. ಅಂಥ ಮೂವತ್ತು ಊರುಗಳಾದವು, 1732ರ ಹೊತ್ತಿಗೆ ಅವುಗಳಲ್ಲಿ 1,40,000 ಜನ ಇದ್ದರು. ಪೂಜೆ, ಪಾಠ, ಲೆಕ್ಕಪತ್ರ ಎಲ್ಲವೂ ಗ್ವಾರನಿಯಲ್ಲಿ ನಡೆಯಿತು. ಆಂತೋನಿಯೊ ರುಯಿಸ್ ದೆ ಮೊಂತೋಯಾ 1639ರಲ್ಲಿ ಅಚ್ಚು ಹಾಕಿಸಿದ ಗ್ವಾರನಿ ಕೋಶ ಇಂದಿಗೂ ವಿದ್ವಾಂಸರು ತೆರೆಯುವ ಪುಸ್ತಕ. 1767ರಲ್ಲಿ ಸ್ಪೇನ್ ದೊರೆ ಜೆಸ್ವಿಟರನ್ನು ಹೊರಗೆ ಹಾಕಿದ. ಊರುಗಳು ಹಾಳಾದವು, ಜನ ಚದುರಿದರು, ಮಾತು ಅವರ ಜೊತೆ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರ ಹಿಡಿದ ಗಾಸ್ಪಾರ್ ದೆ ಫ್ರಾನ್ಸಿಯಾ ಎಂಬ ಸರ್ವಾಧಿಕಾರಿ, ಸ್ಪೇನಿನ ಬಿಳಿಯರು ತಮ್ಮೊಳಗೇ ಮದುವೆಯಾಗಕೂಡದು ಎಂದು 1814ರಲ್ಲಿ ಕಟ್ಟಳೆ ಮಾಡಿದ. ದೇಶದ ಬಾಗಿಲನ್ನೂ ಮುಚ್ಚಿದ. ಅವನ ಕ್ರೌರ್ಯಕ್ಕೆ ಲೆಕ್ಕವಿಲ್ಲ, ಆದರೆ ಆ ಬಾಗಿಲು ಮುಚ್ಚಿದ ವರ್ಷಗಳಲ್ಲಿ ಗ್ವಾರನಿ ಇನ್ನಷ್ಟು ಬೇರು ಬಿಟ್ಟಿತು.

1864ರಿಂದ 1870ರವರೆಗೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರೂ ಸೇರಿ ಪರಾಗ್ವೆಯ ಮೇಲೆ ಯುದ್ಧ ಮಾಡಿದವು. ದೇಶದ ಗಂಡಸರಲ್ಲಿ ಬಹುಪಾಲು ಜನ ಸತ್ತರು. ಯುದ್ಧದ ನಡುವೆ ಸೈನಿಕರಿಗಾಗಿ ಗ್ವಾರನಿಯಲ್ಲಿ ಪತ್ರಿಕೆಗಳು ಅಚ್ಚಾಗುತ್ತಿದ್ದವು. ಸೋತ ಮೇಲೆ ಬಂದ ಆಳುವವರಿಗೆ ಅದೇ ಮಾತು ಹಿಂದುಳಿದಿರುವಿಕೆಯ ಗುರುತಾಗಿ ಕಂಡಿತು. ಶಾಲೆಯಲ್ಲಿ ಗ್ವಾರನಿ ಆಡಿದ ಮಕ್ಕಳಿಗೆ ಏಟು ಬಿತ್ತು. ಹೊರಗೆ ಏಟು, ಒಳಗೆ ಗಂಡಸರಿಲ್ಲದ ಮನೆಗಳಲ್ಲಿ ಮಕ್ಕಳನ್ನು ಸಾಕಿದ ಹೆಂಗಸರು. ಆ ಹೆಂಗಸರು ಗ್ವಾರನಿಯನ್ನು ಬಿಡಲಿಲ್ಲ. 1932ರಲ್ಲಿ ಬೊಲಿವಿಯಾದ ಜೊತೆ ಚಾಕೊ ಯುದ್ಧ ಶುರುವಾದಾಗ, ಶತ್ರುವಿಗೆ ತಿಳಿಯಬಾರದೆಂದು ಪರಾಗ್ವೆಯ ಸೇನೆ ತನ್ನ ಸಂದೇಶಗಳನ್ನು ಗ್ವಾರನಿಯಲ್ಲಿ ಕಳಿಸಿತು. ಶಾಲೆ ಹೊಡೆದ ಮಾತನ್ನು ಸೈನ್ಯ ಬೇಡಿ ಪಡೆಯಿತು.

1992ರ ಸಂವಿಧಾನ ಗ್ವಾರನಿಯನ್ನೂ ಸ್ಪ್ಯಾನಿಷನ್ನೂ ಸಮನಾದ ಆಡಳಿತ ಭಾಷೆಗಳೆಂದು ಸಾರಿತು. ಶಾಲೆಯ ಮೊದಲ ವರ್ಷಗಳ ಪಾಠ ಮಗುವಿನ ಮನೆಮಾತಿನಲ್ಲಿರಬೇಕು ಎಂದಿತು. ದೇಶದ ನಾಣ್ಯದ ಹೆಸರೂ ಗ್ವಾರನಿ. ಇಷ್ಟಕ್ಕೆ ಎಲ್ಲವೂ ನೆಟ್ಟಗಾಯಿತು ಎಂದುಕೊಳ್ಳಬೇಡಿ. ನ್ಯಾಯಾಲಯ, ಬ್ಯಾಂಕು, ದೊಡ್ಡ ಕಚೇರಿಗಳಲ್ಲಿ ಈಗಲೂ ಸ್ಪ್ಯಾನಿಷ್‌ನದೇ ದರಬಾರು. ಪಟ್ಟಣಗಳಲ್ಲಿ ಎರಡೂ ಬೆರೆತ ಜೊಪಾರಾ ಎಂಬ ಆಡುನುಡಿ ನಡೆಯುತ್ತದೆ. ಶುದ್ಧ ಗ್ವಾರನಿ ಬೇಕೆನ್ನುವ ಪಂಡಿತರಿಗೂ ಅದನ್ನಾಡುವ ಜನರಿಗೂ ಜಗಳವಿದೆ. ಆ ಜಗಳದಲ್ಲಿ ನಾನು ಜನರ ಕಡೆಗೆ. ಇನ್ನೊಂದು ನೋವಿನ ಮಾತೂ ಇದೆ. ಗ್ವಾರನಿಯನ್ನು ಪ್ರೀತಿಸುವ ಅದೇ ದೇಶದಲ್ಲಿ ಆಚೆ, ಆಯೊರೆಯೊ, ನಿವಾಕ್ಲೆ ಮುಂತಾದ ಬುಡಕಟ್ಟುಗಳು ಕಾಡು ಕಳೆದುಕೊಂಡು ರಸ್ತೆ ಬದಿಗೆ ಬಂದಿವೆ. ಭಾಷೆಗೆ ಸಿಕ್ಕ ಗೌರವ ಆ ನೆಲದ ಮೊದಲ ಜನರಿಗೆ ಸಿಕ್ಕಿಲ್ಲ.

ಕೆಚುವಾ ಕಥೆ ಇದಕ್ಕೆ ತಿರುಗುಮುರುಗು. ಆಡುವವರ ಎಣಿಕೆ 80 ಲಕ್ಷದಿಂದ ಒಂದು ಕೋಟಿ. ಪೆರು, ಬೊಲಿವಿಯಾ, ಈಕ್ವಡಾರ್ ದೇಶಗಳಲ್ಲಿ ಹಬ್ಬಿದೆ. ಪೆರು 1975ರಲ್ಲೇ ಅದಕ್ಕೆ ಆಡಳಿತ ಭಾಷೆಯ ಸ್ಥಾನ ಕೊಟ್ಟಿತು. ಆದರೆ ಅಲ್ಲಿ ಅದು ಬೆಟ್ಟದ ಬಡವರ ಮಾತು ಎಂಬ ತಾತ್ಸಾರ ಹೋಗಿಲ್ಲ. ಬೆಟ್ಟದಿಂದ ಲಿಮಾಗೆ ಇಳಿದ ತಾಯಂದಿರು ಮಕ್ಕಳೊಡನೆ ಸ್ಪ್ಯಾನಿಷ್ ಆಡುತ್ತಾರೆ. 2021ರಲ್ಲಿ ಪ್ರಧಾನಿಯಾಗಿದ್ದ ಗಿದೊ ಬೆಲ್ಲಿದೊ ಸಂಸತ್ತಿನಲ್ಲಿ ಕೆಚುವಾದಲ್ಲಿ ಮಾತು ಆರಂಭಿಸಿದಾಗ ಸದಸ್ಯರು ಗದ್ದಲವೆಬ್ಬಿಸಿದರು. ಸಮಾಧಾನದ ಸುದ್ದಿಯೆಂದರೆ 2016ರಿಂದ ಅಲ್ಲಿನ ಸರಕಾರಿ ಟಿವಿಯಲ್ಲಿ ಕೆಚುವಾ ವಾರ್ತೆ ಬರುತ್ತಿದೆ. ಕೋಟಿ ಜನರಿದ್ದೂ ಬೆದರಿಕೆಯಲ್ಲಿರುವ ಭಾಷೆ ಒಂದು ಕಡೆ, ಕೆಲವೇ ಲಕ್ಷ ಜನರಿದ್ದಾಗಲೂ ಬದುಕಿ ಬಂದ ಗ್ವಾರನಿ ಇನ್ನೊಂದು ಕಡೆ. ಎಣಿಕೆಗಿಂತ ದೊಡ್ಡದು ಮನೆಯಲ್ಲಿ ಮಗುವಿನ ಜೊತೆ ಯಾವ ಮಾತು ಆಡುತ್ತಾರೆ ಎಂಬುದು, ಮತ್ತು ಹಾಗೆ ಆಡಲು ಅವರಿಗೆ ನಾಚಿಕೆಯಾಗದಂತೆ ಊರು ನೋಡಿಕೊಳ್ಳುತ್ತದೆಯೇ ಎಂಬುದು.

ಉತ್ತರ ಅಮೆರಿಕದಲ್ಲಿ ಆ ನಾಚಿಕೆಯನ್ನು ಸರಕಾರವೇ ಹೊಡೆದು ಕಲಿಸಿತು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ವಸತಿ ಶಾಲೆ ತೆರೆದರು. ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ದೂರ ಇಟ್ಟು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ಮನೆಮಾತು ಆಡಿದರೆ ಶಿಕ್ಷಿಸುವ ಶಾಲೆ. ಅದನ್ನು ನೋಡಿ ಅಂಥವು ಹಲವಾರು ಆದವು. ಕೆನಡಾದಲ್ಲಿ ಇಂಥ ಶಾಲೆಗಳಿಗೆ ಒಟ್ಟು ಒಂದೂವರೆ ಲಕ್ಷ ಮಕ್ಕಳು ಹೋದರು. 2008ರಲ್ಲಿ ಕೆನಡಾ ಸರಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು.

ಅಂಥ ಶಾಲೆಗಳಲ್ಲಿ ಓದಿದ ನವಾಹೊ ಹುಡುಗರನ್ನೇ 1942ರಲ್ಲಿ ಅಮೆರಿಕದ ನೌಕಾಸೈನಿಕ ದಳ ಕರೆಯಿತು. ಜಪಾನ್ ಜೊತೆಗಿನ ಯುದ್ಧದಲ್ಲಿ ರೇಡಿಯೊ ಸಂದೇಶಗಳನ್ನು ಶತ್ರು ಭೇದಿಸುತ್ತಿದ್ದ. 29 ಮಂದಿ ನವಾಹೊ ಯುವಕರು ಕೂತು ತಮ್ಮ ಮಾತಿನಲ್ಲಿ ಗುಪ್ತಸಂಕೇತ ಕಟ್ಟಿದರು. ಆಮೆ ಎಂದರೆ ಟ್ಯಾಂಕು, ಕಬ್ಬಿಣದ ಮೀನು ಎಂದರೆ ಜಲಾಂತರ್ಗಾಮಿ. ಯುದ್ಧ ಮುಗಿಯುವ ಹೊತ್ತಿಗೆ ಅವರು ಸುಮಾರು 400 ಮಂದಿಯಾಗಿದ್ದರು. ಇವೋ ಜಿಮಾ ದ್ವೀಪದ ಕಾಳಗದಲ್ಲಿ ಅವರ ದನಿ ಹಗಲಿರುಳು ರೇಡಿಯೊದಲ್ಲಿ ಓಡಾಡಿತು, ಜಪಾನಿಗೆ ಅದು ಕೊನೆಯವರೆಗೂ ಬಿಡಿಸಲಾಗಲಿಲ್ಲ. ದೇಶ ಆ ಮೊದಲ 29 ಮಂದಿಗೆ ಚಿನ್ನದ ಪದಕ ಕೊಟ್ಟದ್ದು 2001ರಲ್ಲಿ. ಅಷ್ಟರಲ್ಲಿ ಅವರಲ್ಲಿ ಬಹಳ ಜನ ತೀರಿಕೊಂಡಿದ್ದರು.

ಆಫ್ರಿಕಾದಿಂದ ಸರಪಳಿಯಲ್ಲಿ ತಂದ ಜನರ ಮಾತಿನ ಕಥೆಯನ್ನು ಬಿಟ್ಟರೆ ಈ ಭಾಷಣ ಅರೆಯಾದೀತು. ಬೇರೆ ಬೇರೆ ಭಾಷೆಯವರನ್ನು ಒಂದೇ ಕಬ್ಬಿನ ಗದ್ದೆಗೆ ತಳ್ಳಿದಾಗ ಅವರು ದಣಿಗಳ ಶಬ್ದಗಳನ್ನು ತೆಗೆದುಕೊಂಡು ಹೊಸ ಭಾಷೆಗಳನ್ನೇ ಕಟ್ಟಿದರು. ಹೈಟಿಯ ಕ್ರಿಯೋಲ್ ಅಂಥದ್ದು. ಗುಲಾಮರು ಬಂಡೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರೂ ಅವರ ಮಾತಿಗೆ ಆಡಳಿತ ಭಾಷೆಯ ಸ್ಥಾನ 1987ರ ಸಂವಿಧಾನದಲ್ಲಿ ಸಿಕ್ಕಿತು. ಭಾರತದ ಮಾತೂ ಅಮೆರಿಕದ ನೆಲದಲ್ಲಿ ಬೇರೂರಿದೆ. 1873ರಲ್ಲಿ ಕಲ್ಕತ್ತೆಯಿಂದ ಲಲ್ಲಾ ರೂಖ್ ಎಂಬ ಹಡಗು ಕರಾರು ಕೂಲಿಗಳನ್ನು ಸುರಿನಾಮ್‌ಗೆ ಒಯ್ದಿತು. ಭೋಜಪುರಿ, ಅವಧಿ ಬೆರೆತು ಬೆಳೆದ ಅವರ ಸರ್ನಾಮಿ ಇಂದಿಗೂ ಅಲ್ಲಿ ಮನೆಮಾತು.

ಸತ್ತಿತು ಎಂದು ಬರೆದಿಟ್ಟ ಭಾಷೆ ಎದ್ದು ಬಂದದ್ದೂ ಇದೆ. ಅಮೆರಿಕ ಖಂಡದಲ್ಲಿ ಅಚ್ಚಾದ ಮೊದಲ ಬೈಬಲ್ ಇಂಗ್ಲಿಷಿನದಲ್ಲ, 1663ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಎಲಿಯಟ್ ಅಚ್ಚು ಹಾಕಿಸಿದ ವಾಂಪನಾಗ್ ಜನರ ಮಾತಿನದು. ನೂರಕ್ಕೂ ಹೆಚ್ಚು ವರ್ಷ ಆ ಮಾತನ್ನು ಆಡುವವರೇ ಇರಲಿಲ್ಲ. 1990ರ ದಶಕದಲ್ಲಿ ಅದೇ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮಹಿಳೆ ಆ ಬೈಬಲನ್ನೂ ಹಳೆಯ ಜಮೀನು ಪತ್ರಗಳನ್ನೂ ಹಿಡಿದು ಭಾಷಾಶಾಸ್ತ್ರ ಕಲಿತು, ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ತಮ್ಮ ಮಗಳನ್ನು ಆ ಮಾತಿನಲ್ಲೇ ಬೆಳೆಸಿದರು.

ಕೇಳುಗರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಫ್ರೀಮಾಂಟ್ ಊರಿನ ಆಸುಪಾಸಿನಲ್ಲಿ ಒಲೋನಿ ಜನರ ಚೊಚೆನ್ಯೊ ಎಂಬ ಭಾಷೆ ಇತ್ತು. 1797ರಲ್ಲಿ ಸ್ಪ್ಯಾನಿಷ್ ಪಾದ್ರಿಗಳ ಮಿಷನ್ ಅಲ್ಲಿ ಎದ್ದ ಮೇಲೆ ಅದು ಕ್ಷೀಣಿಸಿತು. 1920ರ ದಶಕದಲ್ಲಿ ಜಾನ್ ಹ್ಯಾರಿಂಗ್ಟನ್ ಎಂಬ ಭಾಷಾಶಾಸ್ತ್ರಜ್ಞ ಕೊನೆಯ ಕೆಲವು ಹಿರಿಯರ ಬಾಯಿಂದ ಬರೆದುಕೊಂಡ ಟಿಪ್ಪಣಿಗಳಿಂದ ಒಲೋನಿ ಯುವಕರು ಈಗ ಅದನ್ನು ಮರಳಿ ಕಲಿಯುತ್ತಿದ್ದಾರೆ. ಅಲ್ಲಿ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುವ ನಮ್ಮವರು ತಾವು ನಿಂತ ನೆಲದ ಆ ಮಾತಿನ ಪರಿಚಯವನ್ನೂ ಮಕ್ಕಳಿಗೆ ಮಾಡಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿನಂತಿ ನಮ್ಮ ನಾಡಿನ ಶಾಲೆಗಳ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ. ನಿಮ್ಮ ತರಗತಿಯಲ್ಲಿ ಲಂಬಾಣಿ, ಸೋಲಿಗ, ಕೊರಗ, ಕೊಡವ, ಬ್ಯಾರಿ, ತುಳು ಆಡುವ ಮಕ್ಕಳು ಕೂತಿರುತ್ತಾರೆ. ಅವರಿಗೆ ಕನ್ನಡವನ್ನು ಅಕ್ಕರೆಯಿಂದ ಕಲಿಸಿ. ಅವರ ಮನೆಮಾತು ಬಾಯಿಗೆ ಬಂದಾಗ ಗದರಬೇಡಿ.